ಮೂಲೆ ಹರಿದ ಕಾರ್ಡುಗಳು

ಹರಿದದ್ದನ್ನು ಹಾಗೇ ಬಿಡುವುದು ಸಂಗ್ರಾಮನ ಜಾಯಮಾನದಲ್ಲೇ ಇರಲಿಲ್ಲ. ಚಿಕ್ಕೋಡಿಯ ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸುತ್ತಲಿನ ಜಮೀನ್ದಾರಿ ವಾಡೆಗಳ ಹಳೆಯ ಪತ್ರಗಳನ್ನು ಕೂಡಿಟ್ಟಿದ್ದರು. ತಂಬಾಕಿನ ದರ, ಹೊಲದ ತಂಟೆ, ಸೊಸೆಯ ಬಾಣಂತನ, ಎಲ್ಲವೂ ಕೆಂಪು ಬಟ್ಟೆಯ ಗಂಟುಗಳಲ್ಲಿ. ಅವುಗಳ ಉಸ್ತುವಾರಿ ಇವನದು. ಕೊಲ್ಲಾಪುರದಲ್ಲಿ ತರಬೇತಿ ಪಡೆದು ಬಂದಿದ್ದ. ಮೈದಾ ಅಂಟು ಕಾಯಿಸಿ, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ ಹಚ್ಚಿದನೆಂದರೆ ಪತ್ರ ಎಲ್ಲಿ ಹರಿದಿತ್ತೆಂಬುದೇ ತಿಳಿಯುತ್ತಿರಲಿಲ್ಲ. ನಾನು ನಿವೃತ್ತ ಮಾಸ್ತರ, ದಿನಾ ಪೇಪರ್ ಓದಲು ಹೋಗುವವನು. ಅವನ ಕೈ ನೋಡುತ್ತ ಪೇಪರನ್ನೇ ಮರೆತದ್ದುಂಟು.

ಕರೋಶಿ ಕಡೆಯ ಒಂದು ವಾಡೆಯ ಗಂಟು ಬಂದಾಗ ಅವನ ಹುರುಪು ಕೇಳಬೇಡಿ. ಅವನ ಅಜ್ಜ ಗುರಪ್ಪ ಅದೇ ವಾಡೆಯ ಅಂಗಳದಾಚೆ ಜೀವಮಾನವಿಡೀ ಕೈಕಟ್ಟಿ ನಿಂತವನು. ಕೇರಿಯವರಿಗೆ ಒಳಗೆ ಪ್ರವೇಶವಿರಲಿಲ್ಲ. "ಈಗ ಆ ಮನೀ ಸುಖದುಃಖ ಎಲ್ಲಾ ನನ್ನ ಕೈಯಾಗ ಅದಾವ ನೋಡ್ರಿ ಮಾಸ್ತರ," ಎಂದು ನಗುತ್ತಿದ್ದ. ನನಗೂ ಖುಷಿಯಾಗುತ್ತಿತ್ತು.

ಗಂಟಿನ ತಳದಲ್ಲಿ ಒಂದು ಕಟ್ಟು ಅಂಚೆ ಕಾರ್ಡುಗಳಿದ್ದವು. ಪ್ರತಿಯೊಂದಕ್ಕೂ ಒಂದು ಮೂಲೆ ಇರಲಿಲ್ಲ. ಇಲಿ ಕಡಿದಿರಬೇಕೆಂದು ಸಂಗ್ರಾಮ ಎಲ್ಲಕ್ಕೂ ಹೊಸ ಮೂಲೆ ಕೂಡಿಸಿದ. ಪತ್ರ ಓದುವುದು ಬೇರೆಯವರ ಕೆಲಸ, ಇವನದು ಕೂಡಿಸುವುದಷ್ಟೇ. ಮೂಲೆ ಚೆನ್ನಾಗಿ ಕುಳಿತ ಒಂದು ಕಾರ್ಡಿನ ಫೋಟೊ ತೆಗೆದು ವಾಡೆಯ ಮೊಮ್ಮಗ ಶಿವರಾಜನ ಮೊಬೈಲಿಗೂ ಕಳಿಸಿದ.

ಆ ಕಾರ್ಡಿನಲ್ಲಿ ಶಿವರಾಜ ತೀರಿಕೊಂಡನೆಂದು ಬರೆದಿತ್ತು. ಹಿಂದೆ ಸೊಲ್ಲಾಪುರದಲ್ಲಿ ತೀರಿಕೊಂಡ ಅವನ ಅಜ್ಜನ ಸುದ್ದಿ ಅದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಹುಡುಗ ನಗುತ್ತ ಅದನ್ನು ಅಜ್ಜಿ ಕೆಂಚವ್ವನಿಗೆ ತೋರಿಸಿದನಂತೆ. ಆಕೆ ನಗಲಿಲ್ಲ. ಅದೇ ವಾರ ಶಿರಗುಪ್ಪಿ ಹತ್ತಿರ ಕಬ್ಬಿನ ಟ್ರಾಲಿ ಮಗುಚಿ ಶಿವರಾಜ ಅಡಿಯಲ್ಲಿ ಸಿಕ್ಕ. ಎಚ್ಚರವಿಲ್ಲದವನನ್ನು ಮೀರಜಿಗೆ ಒಯ್ದರು.

ಮರುದಿನ ಕೆಂಚವ್ವ ಜೀಪಿನಲ್ಲಿ ಬಂದಳು. ಕೋಣೆಯ ಒಳಗೆ ಕಾಲಿಡಲಿಲ್ಲ.

"ಯಾಂವ ಹಚ್ಚಿದಾಂವ ಈ ಮೂಲಿ?"

"ನಾನ ರೀ ಆಯಿ. ಇಲಿ ತಿಂದಿದ್ವು."

"ಇಲಿ ಅಲ್ಲೋ. ಸಾವಿನ ಸುದ್ದಿ ಬರದ ಕಾರ್ಡಿನ ಮೂಲಿ ಹರದ ಕಳಸತಾರ. ಹೊರಗ ನಿಂತು ಓದಿ ಹೊರಗ ಬಿಡೂದು. ಅಲ್ಲಿಗೆ ಆ ಸಾವು ಮುಗೀತು. ನೀ ಅದಕ್ಕ ಮೂಲಿ ಹಚ್ಚಿ ನನ್ನ ಕೂಸಿಗೆ ಕಳಿಸಿದಿ."

ಕೊಟ್ಟಿಗೆಯ ಗೂಡಿನಲ್ಲಿ ತುರುಕಿಟ್ಟಿದ್ದ ಆ ಕಾರ್ಡುಗಳು ಮನೆ ರಿಪೇರಿಯ ಗದ್ದಲದಲ್ಲಿ ಗಂಟು ಸೇರಿದ್ದವು. ಸಂಗ್ರಾಮನಿಗೆ ಈ ಪದ್ಧತಿ ಹೇಗೆ ಗೊತ್ತಿರಬೇಕು? ಅವನ ಮನೆಗೆ ಯಾರೂ ಕಾರ್ಡು ಬರೆದವರಲ್ಲ. ಊರಿಂದೂರಿಗೆ ಸಾವಿನ ಸುದ್ದಿ ಹೊತ್ತು ನಡೆಯುವುದೇ ಗುರಪ್ಪನ ಪಾಲಿಗೆ ಬಂದ ಕೆಲಸವಾಗಿತ್ತು.

"ಕಾಗದಕ್ಕ ಏನ ಗೊತ್ತಾಗತೈತ್ರಿ ಆಯಿ?" ಎಂದ ಅವನು.

"ಅಂವ ಸತ್ರ?"

ಕೆಂಚವ್ವ ಕೈಮುಗಿದಳು. "ಹಚ್ಚಿದ ಕೈಲೇ ತಗೀಪಾ," ಎಂದಳು. ಆ ಮುದುಕಿ ಅವನಿಗೆ ಕೈಮುಗಿದದ್ದು ಕಂಡು ನನಗೆ ಕನಿಕರಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ.

"ತಗೀಬ್ಯಾಡ. ತಗದ್ರ ತಪ್ಪು ನಂದ ಅಂತ ನೀನ ಒಪ್ಪಿಕೊಂಡಂಗ."

"ಮತ್ತ ಆ ಹುಡುಗ ಹೋದ್ರ, ಮಾಸ್ತರ?"

ಒದ್ದೆ ಹತ್ತಿ ಒತ್ತಿ ಅಂಟು ನೆನೆಸಿ, ಹಳೆಯ ಕಾಗದಕ್ಕೆ ಗಾಸಿಯಾಗದಂತೆ ಅವನು ಮೂಲೆಗಳನ್ನು ಒಂದೊಂದಾಗಿ ಬಿಡಿಸಿದ. ಕೆಂಚವ್ವ ಬಾಗಿಲಾಚೆ ನಿಂತೇ ಇದ್ದಳು. ಸಂಜೆ ಮೀರಜಿನಿಂದ ಫೋನು ಬಂತು: ಶಿವರಾಜ ಕಣ್ಣು ಬಿಟ್ಟಿದ್ದಾನೆ.

ಹುಡುಗ ಬದುಕಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ರಾಯಬಾಗದಿಂದ ಅಥಣಿಯವರೆಗೆ ಓಡಾಡಿದ್ದು ಒಂದೇ ಮಾತು: ಸಾವನ್ನು ಹಚ್ಚುವುದೂ ಬಿಡಿಸುವುದೂ ಆ ಸಂಗ್ರಾಮನ ಕೈಯಲ್ಲಿದೆ. ನಿಪ್ಪಾಣಿಯ ಮನೆತನವೊಂದು ತನ್ನ ಗಂಟು ಹಿಂದಕ್ಕೆ ಒಯ್ದಿತು. ಅದನ್ನು ಸುಟ್ಟರೆಂದು ಆಮೇಲೆ ತಿಳಿಯಿತು. ಅದರ ಬೆನ್ನಿಗೇ ಅಥಣಿಯವರು ಬಂದರು. ಕೋಣೆಯ ಕಪಾಟುಗಳು ಬರಿದಾಗುತ್ತ ಹೋದವು. ಊರಿನವರು ಮದುವೆ ಪತ್ರಿಕೆಯನ್ನೂ ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋಗತೊಡಗಿದರು. ಅವನ ಹೆಂಡತಿ ಪೂನಮಳನ್ನು ಓಣಿಯ ಬಾಣಂತಿಯರ ಹತ್ತಿರ ಬಿಡದಾದರು. ಓದು ಬರಹ ಬಲ್ಲವರೇ ಹೀಗೆ ಮಾಡಿದ್ದು! ನಾನು ಜಗಳಾಡಿದೆ, ಬೈದೆ. ಯಾರೂ ಎದುರಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಸಂಗ್ರಾಮ ಮಾತ್ರ ದಿನಾ ಬಂದು, ಅಂಟು ಕಾಯಿಸಿ, ಸಂಜೆ ಅದನ್ನು ಚೆಲ್ಲಿ ಮನೆಗೆ ಹೋಗುತ್ತಿದ್ದ.

ಕೊನೆಗೆ ಉಳಿದದ್ದು ಕೆಂಚವ್ವನ ವಾಡೆಯ ಗಂಟು. ಅದನ್ನು ಒಯ್ಯಲು ಶಿವರಾಜನೇ ಟೆಂಪೊ ತಂದ, ಕಂಕುಳಲ್ಲಿ ಊರುಗೋಲು. ಅವನನ್ನು ಕಂಡು ಸಂಗ್ರಾಮನ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ನಗು ಕಂಡೆ.

"ನಡೀಲಿಕ್ಕ ಬರತೈತೇನೋ? ಕುಂದರು, ನಾ ತಂದು ಗಾಡ್ಯಾಗ ಇಡತೇನಿ," ಎಂದು ಗಂಟನ್ನು ಎದೆಗವಚಿ ಎತ್ತಿಕೊಂಡ.

ಶಿವರಾಜ ಗಾಬರಿಯಿಂದ ಹಿಂದೆ ಸರಿದ. ಊರುಗೋಲು ಜಾರಿತು.

"ಬ್ಯಾಡ ಸಂಗ್ರಾಮಣ್ಣಾ. ಕೆಳಗ ಇಡ್ರಿ. ಸಿಟ್ಟಾಗಬ್ಯಾಡ್ರಿ... ನೀವು ಮುಟ್ಟಬ್ಯಾಡ್ರಿ."

ಸಂಗ್ರಾಮ ಗಂಟನ್ನು ನೆಲಕ್ಕಿಟ್ಟ. ಆ ಮಾತು ಕೇಳಿದವರು ಎಷ್ಟು ದೂರ ಸರಿಯಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಆದರೂ ಕೈಕಟ್ಟಿಕೊಂಡು, ತನ್ನ ಅಜ್ಜ ನಿಲ್ಲುತ್ತಿದ್ದಷ್ಟೇ ದೂರಕ್ಕೆ ಸರಿದು ನಿಂತ.