ಕ್ಯಾಮೆರಾ ಕಂಪನಿಯ ಸಭೆಯಲ್ಲಿ ನನ್ನ ಪ್ರಶ್ನೆ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ಪೂಜೆಗೆಂದು ಕಂಡವರ ಮನೆಯ ಹೂವನ್ನೆಲ್ಲ ಕಿತ್ತುಕೊಂಡು ಹೋಗುತ್ತಾರೆ. ಅದಕ್ಕೇ ಎದುರುಮನೆ ಆಂಟಿ ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ಹಾಕಿಸಿದರು. ಅದರಲ್ಲಿ ಅವರ ದಾಸವಾಳದ ಗಿಡದ ಜೊತೆಗೆ ನಮ್ಮ ಮನೆ ಬಾಗಿಲೂ ಕಾಣುತ್ತಿತ್ತು.

ಒಂದು ದಿನ ಹಾಲಿನ ಬೂತಿನ ಮುಂದೆ, ನಾನೆಂದೂ ಮಾತಾಡಿಸಿರದ ಪಕ್ಕದ ಬೀದಿಯ ಅಂಕಲ್ ಒಬ್ಬರು ಕೇಳಿದರು: "ಏನಮ್ಮಾ, ಈಗೀಗ ಆಫೀಸಿಂದ ಲೇಟಾಗಿ ಬರ್ತಿದ್ದೀಯ?"

ಅವರ ಮನೆಯಲ್ಲೂ ಅದೇ ಬೆಲ್. ಅಕ್ಕಪಕ್ಕದವರ ಬೆಲ್‌ಗಳ ವಿಡಿಯೊ ಪರಸ್ಪರರ ಫೋನಿನಲ್ಲಿ ಕಾಣುವ ಸೌಲಭ್ಯವನ್ನು ಕಂಪನಿಯೇ ಆನ್ ಮಾಡಿ ಮಾರುತ್ತಿತ್ತು. ಆಂಟಿಗೆ ಇದು ಗೊತ್ತೇ ಇರಲಿಲ್ಲ. "ಅಯ್ಯೋ, ಹೂವಿನ ಕಳ್ಳರಿಗೆ ಹಾಕ್ಸಿದ್ದು ಕಣೇ, ನಿನ್ನ ಕಾಯೋಕಲ್ಲ!" ಎಂದು ಕೂಡಲೇ ಆಫ್ ಮಾಡಿಸಿಕೊಂಡರು. ಬೀದಿಯಲ್ಲಿ ಅಂಥ ಬೆಲ್‌ಗಳು ಇನ್ನೂ ಇದ್ದವು. ಮನೆಮನೆಗೆ ಹೋಗಿ ಕೇಳಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಆ ಕಂಪನಿಯ ಕೆಲವು ಷೇರುಗಳು ನನ್ನಲ್ಲಿದ್ದವು. ವಾರ್ಷಿಕ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟೆ.

ಸಭಾಂಗಣದಲ್ಲಿ ತಿಂಡಿ ಪೊಟ್ಟಣ ಕೊಡುತ್ತಿದ್ದ ಕಾಲದಿಂದಲೂ ಅಪ್ಪ ಇಂಥ ಸಭೆಗಳನ್ನು ಕಂಡವರು. "ಮೊದ್ಲು ಚೇರ್ಮನ್ನರನ್ನ ಚೆನ್ನಾಗಿ ಹೊಗಳಮ್ಮಾ, ಆಮೇಲೆ ಕೇಳು. ಎಲ್ರೂ ಹಂಗೇ ಮಾಡೋದು."

"ಅಷ್ಟರಲ್ಲಿ ನನ್ನ ಟೈಮೇ ಮುಗ್ದೋಗತ್ತಪ್ಪ."

ಆನ್‌ಲೈನ್ ಸಭೆ ಅಪ್ಪ ಹೇಳಿದಂತೆಯೇ ನಡೆಯಿತು. ಒಬ್ಬರು ಅಧ್ಯಕ್ಷರ ದೂರದೃಷ್ಟಿಯನ್ನು ಕೊಂಡಾಡಿದರು. ಇನ್ನೊಬ್ಬರು ದೀಪಾವಳಿಗೆ ಷೇರುದಾರರಿಗೆಲ್ಲ ಒಂದೊಂದು ಬೆಲ್ ಉಡುಗೊರೆ ಕೊಡಿ ಎಂದರು. ನನ್ನ ಸರದಿ ಬಂದಾಗ ಸಭೆ ನಡೆಸಿಕೊಡುತ್ತಿದ್ದವರು, ಕ್ಯಾಮೆರಾ ಆನ್ ಮಾಡದೆ ಮಾತಾಡುವಂತಿಲ್ಲ ಎಂದರು. ಆಫೀಸಿನ ಮೀಟಿಂಗ್‌ಗಳಲ್ಲೂ ನಾನು ಮುಖ ತೋರಿಸುವವಳಲ್ಲ. ಆನ್ ಮಾಡಿದೆ.

"ಈಗ ನೀವು ಕೇಳಿದಿರಿ, ನಾನು ಒಪ್ಪಿದೆ. ನನ್ನ ಮನೆ ಬಾಗಿಲನ್ನು ಊರಿಗೆ ತೋರಿಸುವ ಮೊದಲು ಯಾರು ನನ್ನನ್ನು ಕೇಳಿದರು?"

ಅಧ್ಯಕ್ಷರು ಇಮೇಲ್‌ನಲ್ಲಿ ಉತ್ತರಿಸುವುದಾಗಿ ಹೇಳಿದರು. ಉತ್ತರ ಎಲ್ಲ ಷೇರುದಾರರೂ ಕೇಳುವಂತೆ ಇಲ್ಲೇ ಬೇಕು ಎಂದೆ. ಅವರು ಪಕ್ಕದವರ ಕಡೆ ಬಾಗಿ ಏನೋ ಕೇಳಿಕೊಂಡರು. ಕೊನೆಗೆ, ಇನ್ನು ಮುಂದೆ ಹೊಸ ಬೆಲ್‌ಗಳಲ್ಲಿ ಆ ಸೌಲಭ್ಯ ಆಫ್ ಆಗಿಯೇ ಬರುತ್ತದೆ, ಈಗಾಗಲೇ ಮಾರಿದವುಗಳ ಬಗ್ಗೆ ಪರಿಶೀಲಿಸುತ್ತೇವೆ ಎಂದರು. ನನ್ನ ಮೈಕ್ ಮ್ಯೂಟ್ ಆಯಿತು.

"ಹೊಗಳಿದ್ರೆ ಪೂರ್ತಿ ಒಪ್ಕೊಂತಿದ್ರೇನೋ," ಎಂದರು ಅಪ್ಪ.

"ಹೊಗಳಿದೋರಿಗೆ ಏನ್ ಸಿಕ್ತಪ್ಪಾ?"

ಅಪ್ಪ ನಕ್ಕುಬಿಟ್ಟರು. ನಾನು ಚಾಟ್‌ನಲ್ಲಿ ಟೈಪ್ ಮಾಡಿದೆ: ಮಾರಿದ ಬೆಲ್‌ಗಳಲ್ಲಿ ಯಾವ ತಿಂಗಳೊಳಗೆ ಆಫ್ ಮಾಡುತ್ತೀರಿ? ಅದರ ಕೆಳಗೆ ಯಾರೋ ಅಪರಿಚಿತ ಷೇರುದಾರರು ಬರೆದರು: ನನ್ನದೂ ಇದೇ ಪ್ರಶ್ನೆ. ಅವರ ಕೆಳಗೆ ಮತ್ತೊಬ್ಬರು.