ತಗಡಿನ ಇಗರ್ಜಿಯ ತೂತುಗಳು

ಇವತ್ತು ಇಲ್ಲಿ ಗಲ್ಫಿನ ಮುಹೈಸ್ನಾದ ತಗಡಿನ ಶೆಡ್ಡೊಂದರ ತೂತಿನಿಂದ ಅಂಗೈಗೆ ಬಿಸಿಲಿನ ಚುಕ್ಕೆ ಬಿತ್ತು. ಕಾದ ತಗಡಿನ ವಾಸನೆಗೆ ಅಬುಧಾಬಿಯ ನನ್ನ ಬಾಲ್ಯದ ಇಗರ್ಜಿ ನೆನಪಾಯಿತು.

ಬೇರೆಲ್ಲೋ ಬಿಚ್ಚಿ, ಲಾರಿಯಲ್ಲಿ ತಂದ ತಗಡಿನ ಇಗರ್ಜಿ ಅದು. ಫಿಟ್ಟರ್ ಆಗಿದ್ದ ಪಪ್ಪ ತಗಡುಗಳ ಮೇಲೆ ಬರೆದ ನಂಬರ್ ನೋಡಿ ಜೋಡಿಸುವಾಗ ಒಂದನ್ನು ತಲೆಕೆಳಗಾಗಿ ಕೂರಿಸಿದ್ದರು. ಅದರ ಹಳೆಯ ಬೋಲ್ಟಿನ ತೂತುಗಳು ಹೊಂದದೆ ಹಾಗೇ ಉಳಿದು ಬಿಸಿಲು ಒಳಗೆ ಬಿತ್ತು.

"ಗೋಡೆಯೋ ಜರಡಿಯೋ ಮಾರಾಯ?" ಎಂದು ಗೆಳೆಯರು ನಕ್ಕರು. ರಜೆಯ ದಿನವಾದ ಶುಕ್ರವಾರವೇ ಪಾದ್ರಿಗಳ ಮೊದಲ ಪೂಜೆ. ನಾಚಿದ ಪಪ್ಪ ತೂತು ಮುಚ್ಚಲು ಡಾಂಬರಿನ ಡಬ್ಬಿ ತೆರೆದರು.

ನಾನು ಬೆಳಕಿನ ಚುಕ್ಕೆಗಳನ್ನು ಅಂಗೈಯಲ್ಲಿ ಹಿಡಿಯುತ್ತಿದ್ದೆ. ಅದನ್ನು ನೋಡಿ ಅಮ್ಮ, "ಬಿಡಿ ಮಾರಾಯ್ರೆ, ಊರಿನ ಇಗರ್ಜಿಯ ಹಾಗೆ ಬಣ್ಣದ ಗಾಜು ನಮಗೆಲ್ಲಿ? ಇದಾದ್ರೂ ಇರ್ಲಿ" ಅಂದರು.

ಪಪ್ಪ ಡಬ್ಬಿ ಮುಚ್ಚಿದರು.

ಈಗ ಮಂಗಳೂರಿನಲ್ಲಿರುವ ಪಪ್ಪನಿಗೆ ಇವತ್ತಿನ ಶೆಡ್ಡಿನ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು: "ಡಾಂಬರು ಹಚ್ಚುವುದು ಬೇಡ ಅಂತ ಆ ಶೆಡ್ಡಿನವರಿಗೆ ಹೇಳು."