ತೊಗಲಕ್ಕ
ಊರೆಲ್ಲ ಅವಳನ್ನು ತೊಗಲಕ್ಕ ಎನ್ನುತ್ತದೆ. ಅವಳಿಗೆ ಅದು ಬಿರುದು. ಸತ್ತ ದನಗಳ ಚರ್ಮ ಹದಮಾಡಿ ಮನುಷ್ಯರ ಮೂರ್ತಿ ಕಟ್ಟುವ ಅವಳ ಕೋಣೆಗೆ ಗಂಡ ಮೂಗು ಮುಚ್ಚಿಕೊಂಡೇ ಬರುತ್ತಾನೆ, ನೆಂಟರೆದುರು ಮಾತ್ರ ಎದೆಯುಬ್ಬಿಸುತ್ತಾನೆ. ಚರ್ಮ ತಂದವರು ಆ ದನದ ಹೆಸರು ಹೇಳದಿದ್ದರೆ ಅವಳು ಅದನ್ನು ಮುಟ್ಟುವುದಿಲ್ಲ. "ಈ ಗಾಯದ ಕಲೆ ಮುಚ್ಚಬಾರದಾ?" ಎಂದವರಿಗೆ, "ಮೊದಲು ನಿಮ್ಮ ಮುಖದ ಮಚ್ಚೆ ಮುಚ್ಕೊಳ್ಳಿ!" ಎಂದು ಗದರುತ್ತಾಳೆ. ಪ್ರದರ್ಶನದಲ್ಲಿ ಮೂರ್ತಿ ಮುಟ್ಟಹೋದ ಮಂತ್ರಿಯ ಕೈಯನ್ನೂ ತಡೆದ ಗಟ್ಟಿಗಿತ್ತಿ. ಅಲ್ಲಿಗೇ ಒಂದು ದಿನ ಹಾಲಿನವನು ಬಂದ, ತನ್ನ ಎಮ್ಮೆಯ ಚರ್ಮದಲ್ಲಿ ಮಾಡಿದ ಮೂರ್ತಿ ನೋಡಲು. ಮೂರ್ತಿಯ ಚಾಚಿದ ಅಂಗೈಗೆ ಅವಳು ಎಮ್ಮೆಯ ಕೊರಳಲ್ಲಿ ಹಗ್ಗ ಉಜ್ಜಿ ಕೂದಲುದುರಿದ ಜಾಗವನ್ನೇ ಹೊಲಿದಿದ್ದಳು. ಅವನು ಕಂಡೊಡನೆ ಗುರುತು ಹಿಡಿದು ಅಲ್ಲೇ ತುರಿಸತೊಡಗಿದ: "ಕಪ್ಪೀ, ಇಲ್ಲೇ ಅಲ್ವೇನೇ ನಿನಗೆ ತುರಿಕೆ?" ಕಾವಲುಗಾರ ಓಡಿಬಂದ. ತೊಗಲಕ್ಕ ತಲೆಯೆತ್ತಿ ಅಡ್ಡ ನಿಂತಳು: "ಬಿಡಪ್ಪಾ, ಅವರು ಅವಳ ಮನೆಯವರು."